ತಲೆಬರಹಕ್ಕೆ ತ, ಪಟ್ಟಿಗೆ ಪ
ಶಾರ್ಟ್‌ಕಟ್‌ಗಳನ್ನು ಕನ್ನಡ ಕೀಲಿಮಣೆಗೆ ಹೊಂದಿಸುವ ಒಂದು ಪಾಠ

ಕನ್ನಡದ ಕಡತಗಳಲ್ಲಿ ತಲೆಬರಹ ಸಾಮಾನ್ಯವಾಗಿ ಹುಟ್ಟೋದು ಹೀಗೆ: ಸಾಲನ್ನು ಆಯ್ಕೆ ಮಾಡು, ದಪ್ಪ ಮಾಡು, ಅಕ್ಷರದ ಗಾತ್ರ 18ಕ್ಕೆ ಏರಿಸು. ಪಟ್ಟಿ ಬೇಕಾದರೆ ಸಾಲಿನ ಮುಂದೆ ಒಂದು ಅಡ್ಡಗೆರೆ, ಇಲ್ಲವೇ ಕೈಯಾರೆ 1, 2, 3. ನೋಡೋಕೆ ಚೆನ್ನಾಗೇ ಕಾಣತ್ತೆ. ಆದರೆ ಕಂಪ್ಯೂಟರಿನ ಪಾಲಿಗೆ ಅದು ತಲೆಬರಹವೂ ಅಲ್ಲ, ಪಟ್ಟಿಯೂ ಅಲ್ಲ. ದಪ್ಪಗಿರುವ ಒಂದು ಸಾಲು, ಅಷ್ಟೇ.

ಇದರಿಂದ ನಷ್ಟ ಏನು? ಮೊದಲನೆಯದು, ಪರಿವಿಡಿ ತಾನಾಗಿ ತಯಾರಾಗಲ್ಲ. ಯಾರೋ ಒಬ್ಬರು ಪುಟಪುಟವನ್ನೂ ತಿರುವಿ ಕೈಯಲ್ಲಿ ಬರೀಬೇಕು. ಎರಡನೆಯದು ಇನ್ನೂ ಮುಖ್ಯ. ಕಣ್ಣು ಕಾಣದ ಓದುಗರು ಎನ್‌ವಿಡಿಎ, ಜಾಸ್ ಥರದ ತಂತ್ರಾಂಶಗಳಿಂದ ಪರದೆಯನ್ನು ಕೇಳಿಸಿಕೊಂಡು ಓದ್ತಾರೆ. ವೆಬ್ ಪುಟದಲ್ಲಿ ಅವರು ‘ಎಚ್’ ಕೀಲಿ ಒತ್ತಿದರೆ ಮುಂದಿನ ತಲೆಬರಹಕ್ಕೆ ಹಾರಬಹುದು. 2 ಒತ್ತಿದರೆ ಎರಡನೇ ಹಂತದ ತಲೆಬರಹಕ್ಕೆ, ‘ಎಲ್’ ಒತ್ತಿದರೆ ಮುಂದಿನ ಪಟ್ಟಿಗೆ. ಪಟ್ಟಿ ಬಂದಾಗ ಅದರಲ್ಲಿ ಎಷ್ಟು ಅಂಶಗಳಿವೆ ಅನ್ನೋದನ್ನೂ ತಂತ್ರಾಂಶವೇ ಹೇಳತ್ತೆ. ದಪ್ಪ ಮಾಡಿದ ಸುಳ್ಳು ತಲೆಬರಹದಲ್ಲಿ ಇದ್ಯಾವುದೂ ಕೆಲಸ ಮಾಡಲ್ಲ. 80 ಪುಟದ ಪುಸ್ತಿಕೆಯಾದರೆ ಮೊದಲ ಸಾಲಿನಿಂದ ಕೇಳುತ್ತಾ ಬರಬೇಕು.

ಹಾಗಾದರೆ ಜನ ಸರಿಯಾದ ತಲೆಬರಹ ಯಾಕೆ ಹಾಕಲ್ಲ? ಸೋಮಾರಿತನ ಅಂತ ಹೇಳಿ ಮುಗಿಸೋದು ಸುಲಭ. ನಮಗೆ ಕಾಣುವ ಕಾರಣ ಬೇರೆ. ತಲೆಬರಹ, ಪಟ್ಟಿಗಳ ಶಾರ್ಟ್‌ಕಟ್‌ಗಳೆಲ್ಲ ಇಂಗ್ಲಿಷ್ ಕೀಲಿಮಣೆಯನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಕನ್ನಡ ವಿನ್ಯಾಸ ಆನ್ ಮಾಡಿದ ತಕ್ಷಣ ಅವುಗಳಲ್ಲಿ ಹಲವು ಕೈಕೊಡ್ತವೆ. ಎಲ್ಲಿ ಕೈಕೊಡ್ತವೆ, ಯಾಕೆ, ಅದನ್ನು ಹೇಗೆ ಸರಿಮಾಡಬಹುದು ಅನ್ನೋದೇ ಈ ಪಾಠ. ಕಂಪ್ಯೂಟರ್ ಸೈನ್ಸ್ ಓದದವರಿಗೂ ಅರ್ಥವಾಗುವ ಹಾಗೆ ಬರೆದಿದ್ದೀವಿ.

1. ಮೊದಲು ಹಂತ, ಆಮೇಲೆ ಕೀಲಿ

ಸಿಂಗಾಪುರದಲ್ಲಿರುವ ನಮಗೆಲ್ಲ ಗೊತ್ತಿರುವ ರಾಫೆಲ್ಸ್ ಪ್ಲೇಸ್ ನಿಲ್ದಾಣವನ್ನೇ ತಗೊಳ್ಳಿ. ಅದಕ್ಕೆ ಎರಡು ಗುರುತುಗಳಿವೆ: ಇಡಬ್ಲ್ಯೂ14 ಮತ್ತು ಎನ್‌ಎಸ್26. ಅಕ್ಷರಗಳು ಯಾವ ಮಾರ್ಗ ಅಂತ ಹೇಳತ್ತೆ, ಅಂಕಿ ಆ ಮಾರ್ಗದಲ್ಲಿ ಎಷ್ಟನೇದು ಅಂತ ಹೇಳತ್ತೆ. ಮಾರ್ಗ ಅನ್ನೋದು ತಲೆಬರಹ ಇದ್ದ ಹಾಗೆ, ನಿಲ್ದಾಣಗಳು ಅದರ ಕೆಳಗಿನ ಅಂಕಿಪಟ್ಟಿ ಇದ್ದ ಹಾಗೆ. ಭಾಷೆ ಬಾರದವರೂ ಈ ಗುರುತು ಹಿಡಿದು ಊರು ಸುತ್ತಬಹುದು. ಬರಹದಲ್ಲೂ ಅಷ್ಟೇ. ತಲೆಬರಹದ ಹಂತ ಅಂದರೆ ಅಲಂಕಾರ ಅಲ್ಲ, ವಿಳಾಸ.

ಇದೇ ನಿಲ್ದಾಣದಿಂದ ಇನ್ನೊಂದು ಮಾತೂ ಕಲಿಯಬಹುದು. ಇಲ್ಲಿ ಎರಡು ಮಾರ್ಗಗಳ ರೈಲುಗಳು ಒಂದೇ ಪ್ಲಾಟ್‌ಫಾರ್ಮಿನ ಎರಡು ಬದಿಗೆ ಬಂದು ನಿಲ್ತವೆ. ಎಷ್ಟೋ ಪ್ರಯಾಣಿಕರು ಮೆಟ್ಟಿಲು ಹತ್ತದೆ, ಎದುರು ಬದಿಗೆ ನಾಲ್ಕು ಹೆಜ್ಜೆ ನಡೆದು ಮಾರ್ಗ ಬದಲಿಸ್ತಾರೆ. ಒಳ್ಳೆಯ ಶಾರ್ಟ್‌ಕಟ್ ಕೂಡ ಹಾಗೇ ಇರಬೇಕು. ಬರೀತಾ ಇರುವ ಕೈ ಕೀಲಿಮಣೆ ಬಿಟ್ಟು ಮೌಸಿಗೆ ಹೋಗಬಾರದು, ಮೆನು ಹುಡುಕಬಾರದು, ಭಾಷೆ ಬದಲಿಸಬಾರದು. ಕನ್ನಡದವರಿಗೆ ಕಷ್ಟವಾಗಿರೋದು ಈ ಕೊನೆಯದು.

2. ಈಗ ಇರುವ ಶಾರ್ಟ್‌ಕಟ್‌ಗಳು

ಮೂರು ಪರಿಚಿತ ತಂತ್ರಾಂಶಗಳಲ್ಲಿ ಏನಿದೆ ನೋಡೋಣ. ಇವು ವಿಂಡೋಸ್‌ನಲ್ಲಿ ಕೆಲಸ ಮಾಡುವ ರೀತಿ.

• ಮೈಕ್ರೋಸಾಫ್ಟ್ ವರ್ಡ್: ಕಂಟ್ರೋಲ್ + ಆಲ್ಟ್ + 1, 2, 3 ಒತ್ತಿದರೆ ಮೊದಲ ಮೂರು ಹಂತದ ತಲೆಬರಹ. ಕಂಟ್ರೋಲ್ + ಶಿಫ್ಟ್ + ಎಲ್ ಒತ್ತಿದರೆ ಚುಕ್ಕಿಪಟ್ಟಿ. ಕಂಟ್ರೋಲ್ + ಶಿಫ್ಟ್ + ಎನ್ ಒತ್ತಿದರೆ ಮತ್ತೆ ಮಾಮೂಲು ಬರಹ.
• ಗೂಗಲ್ ಡಾಕ್ಸ್: ಕಂಟ್ರೋಲ್ + ಆಲ್ಟ್ + 1ರಿಂದ 6ರವರೆಗೆ ತಲೆಬರಹ, 0 ಒತ್ತಿದರೆ ಮಾಮೂಲು ಬರಹ. ಕಂಟ್ರೋಲ್ + ಶಿಫ್ಟ್ + 7 ಅಂಕಿಪಟ್ಟಿಗೆ, 8 ಚುಕ್ಕಿಪಟ್ಟಿಗೆ.
• ಲಿಬ್ರೆಆಫೀಸ್ ರೈಟರ್: ಕಂಟ್ರೋಲ್ + 1ರಿಂದ 5ರವರೆಗೆ ತಲೆಬರಹ. ಎಫ್12 ಅಂಕಿಪಟ್ಟಿಗೆ, ಶಿಫ್ಟ್ + ಎಫ್12 ಚುಕ್ಕಿಪಟ್ಟಿಗೆ.

ಇದರಲ್ಲಿ ಒಂದು ಜಾಣತನ ಇದೆ. ತಲೆಬರಹದ ಹಂತ ಮತ್ತು ಕೀಲಿಯ ಅಂಕಿ ಒಂದೇ. ಎರಡನೇ ಹಂತಕ್ಕೆ 2. ನೆನಪಿಡೋಕೆ ಬೇರೆ ಉಪಾಯ ಬೇಡ, ಭಾಷೆಯ ಹಂಗೂ ಇಲ್ಲ. ಪಟ್ಟಿಗಳ ವಿಷಯ ಹಾಗಲ್ಲ. ವರ್ಡ್‌ನ ‘ಎಲ್’ ನೆನಪಿರೋದು ಪಟ್ಟಿಗೆ ಇಂಗ್ಲಿಷಿನಲ್ಲಿ ‘ಲಿಸ್ಟ್’ ಅಂತಾರೆ ಅನ್ನೋದರಿಂದ. ಗೂಗಲ್ ಡಾಕ್ಸ್‌ನ 8 ಸುಲಭವಾಗಿ ನೆನಪಾಗೋದು ಇಂಗ್ಲಿಷ್ ಕೀಲಿಮಣೆಯಲ್ಲಿ ಶಿಫ್ಟ್ + 8 ಅಂದರೆ ನಕ್ಷತ್ರ ಚಿಹ್ನೆ (*) ಅನ್ನೋದರಿಂದ. ಪಟ್ಟಿಯ ಚುಕ್ಕಿಗೆ ಬದಲಾಗಿ ನಕ್ಷತ್ರ ಹಾಕೋದು ಟೈಪ್ ಮಾಡುವವರ ಹಳೆಯ ರೂಢಿ.

ಲಿಬ್ರೆಆಫೀಸ್‌ನ ಹಾಗೆ ಎರಡೇ ಕೀಲಿಯಲ್ಲಿ ಗೂಗಲ್ ಡಾಕ್ಸ್ ಯಾಕೆ ಮುಗಿಸಲ್ಲ ಅಂತ ಕೇಳಬಹುದು. ಬ್ರೌಸರಿನಲ್ಲಿ ಕಂಟ್ರೋಲ್ + 1, ಕಂಟ್ರೋಲ್ + 2 ಮೊದಲೇ ಟ್ಯಾಬ್ ಬದಲಿಸುವ ಕೆಲಸಕ್ಕೆ ಹೋಗಿವೆ. ವೆಬ್‌ನಲ್ಲಿ ಶಾರ್ಟ್‌ಕಟ್ ಮಾಡೋದು ಅಂದರೆ ಬಾಡಿಗೆ ಮನೆಯಲ್ಲಿ ಮೊಳೆ ಹೊಡೆದ ಹಾಗೆ, ಮಾಲೀಕರದ್ದು ಮೊದಲು.

3. ಕನ್ನಡ ಆನ್ ಮಾಡಿದಾಗ ಏನಾಗತ್ತೆ

ಕನ್ನಡಕ್ಕೆ ಎರಡು ಮುಖ್ಯ ವಿನ್ಯಾಸಗಳಿವೆ. ಒಂದು, ಕೆ. ಪಿ. ರಾವ್ ಅವರು ರೂಪಿಸಿದ ಧ್ವನಿಮೂಲದ ವಿನ್ಯಾಸದಿಂದ ಬಂದ ‘ಕಗಪ’. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಇರೋದು ಇದೇ. ಇದರಲ್ಲಿ ‘ಕೆ’ ಕೀಲಿ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರಕ್ಕೆ ‘ಎಫ್’. ‘ಕನ್ನಡ’ ಅಂತ ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಕೀಲಿ. ಇನ್ನೊಂದು, ಭಾರತ ಸರ್ಕಾರದ ಇನ್‌ಸ್ಕ್ರಿಪ್ಟ್. ಇದು 1991ರ ಐಎಸ್ 13194 ಮಾನಕದಲ್ಲಿ ಸೇರಿತು. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಹಿಂದಿ, ತೆಲುಗು, ಕನ್ನಡ ಯಾವುದಾದರೂ ‘ಕ’ ಇರುವ ಜಾಗ ಒಂದೇ.

ಕಗಪದಲ್ಲಿ ಶಿಫ್ಟ್ ಹಿಡಿದು ಅಂಕಿಸಾಲು ಒತ್ತಿದರೆ ಬರುವ ಚಿಹ್ನೆಗಳು ಇಂಗ್ಲಿಷಿನಂತೆಯೇ ಇವೆ. ಇನ್‌ಸ್ಕ್ರಿಪ್ಟ್‌ನಲ್ಲಿ ಹಾಗಲ್ಲ. ಅಲ್ಲಿ ಆ ಜಾಗಗಳನ್ನು ಒತ್ತಕ್ಷರಗಳಿಗೆ ಕೊಟ್ಟಿದ್ದಾರೆ:

• ಶಿಫ್ಟ್ + 3: ಇಂಗ್ಲಿಷಿನಲ್ಲಿ #, ಇನ್‌ಸ್ಕ್ರಿಪ್ಟ್‌ನಲ್ಲಿ ರ ಒತ್ತು (್ರ)
• ಶಿಫ್ಟ್ + 7: ಇಂಗ್ಲಿಷಿನಲ್ಲಿ &, ಇನ್‌ಸ್ಕ್ರಿಪ್ಟ್‌ನಲ್ಲಿ ಕ್ಷ
• ಶಿಫ್ಟ್ + 8: ಇಂಗ್ಲಿಷಿನಲ್ಲಿ *, ಇನ್‌ಸ್ಕ್ರಿಪ್ಟ್‌ನಲ್ಲಿ ಶ್ರ
• / ಕೀಲಿ: ಇಂಗ್ಲಿಷಿನಲ್ಲಿ ಓರೆಗೆರೆ, ಇನ್‌ಸ್ಕ್ರಿಪ್ಟ್‌ನಲ್ಲಿ ಯ

ಈಗ ಗಮನಿಸಿ. 2004ರಲ್ಲಿ ಜಾನ್ ಗ್ರೂಬರ್ ಮಾರ್ಕ್‌ಡೌನ್ ಅನ್ನೋ ಬರಹದ ಪದ್ಧತಿ ತಂದರು. ಸಾಲಿನ ಮೊದಲು # ಮತ್ತು ಒಂದು ಖಾಲಿ ಜಾಗ ಬಿಟ್ಟರೆ ತಲೆಬರಹ, * ಮತ್ತು ಖಾಲಿ ಜಾಗ ಬಿಟ್ಟರೆ ಪಟ್ಟಿ. ಇವತ್ತು ಎಷ್ಟೋ ಸಂಪಾದಕಗಳು ಇದನ್ನೇ ಶಾರ್ಟ್‌ಕಟ್ ಆಗಿ ಬಳಸ್ತವೆ. ಇನ್ನು ಕೆಲವು ‘/’ ಒತ್ತಿದರೆ ತಲೆಬರಹ, ಪಟ್ಟಿಗಳ ಮೆನು ತೆರೆಯತ್ತೆ. ಈ ಮೂರು ಚಿಹ್ನೆಗಳೂ ಇನ್‌ಸ್ಕ್ರಿಪ್ಟ್‌ನಲ್ಲಿ ಅವುಗಳ ಜಾಗದಲ್ಲಿ ಇಲ್ಲ! ತಲೆಬರಹ ಬೇಕು ಅಂತ ಒತ್ತಿದರೆ ರ ಒತ್ತು, ಪಟ್ಟಿ ಬೇಕು ಅಂತ ಒತ್ತಿದರೆ ಶ್ರ, ಮೆನು ಬೇಕು ಅಂತ ಒತ್ತಿದರೆ ಯ.

ಆಗ ಬರೆಯುವವರು ವಿಂಡೋಸ್ + ಸ್ಪೇಸ್ ಒತ್ತಿ ಇಂಗ್ಲಿಷಿಗೆ ಹೋಗಿ, # ಹಾಕಿ, ಮತ್ತೆ ಕನ್ನಡಕ್ಕೆ ಬರಬೇಕು. ಒಂದು ಲೇಖನದಲ್ಲಿ 6 ತಲೆಬರಹ, 20 ಪಟ್ಟಿಸಾಲು ಇದ್ದು, ಪ್ರತಿ ಸಾಲಿಗೂ ಚಿಹ್ನೆ ಹಾಕುವುದಾದರೆ 26 ಸಲ ಹೋಗಿ ಬರಬೇಕು, ಅಂದರೆ 52 ಸಲ ಭಾಷೆ ಬದಲಾವಣೆ. ಯಾರು ಮಾಡ್ತಾರೆ? ದಪ್ಪ ಮಾಡಿ ಗಾತ್ರ 18 ಮಾಡೋದೇ ಸಲೀಸು ಅನ್ಸತ್ತೆ. ಸುಳ್ಳು ತಲೆಬರಹದ ಬೇರು ಇಲ್ಲಿದೆ.

4. ಅಕ್ಷರಕ್ಕೆ ಕಟ್ಟಬೇಕಾ, ಜಾಗಕ್ಕೆ ಕಟ್ಟಬೇಕಾ?

ಶಾರ್ಟ್‌ಕಟ್ ಬರೆಯುವ ಪ್ರೋಗ್ರಾಮರ್ ಮುಂದೆ ಎರಡು ದಾರಿ ಇರತ್ತೆ. ಕೀಲಿ ಒತ್ತಿದಾಗ ಬ್ರೌಸರ್ ಎರಡು ಸಂಗತಿ ತಿಳಿಸತ್ತೆ. ‘ಇವೆಂಟ್.ಕೀ’ ಅನ್ನೋದು ಯಾವ ಅಕ್ಷರ ಹುಟ್ಟಿತು ಅಂತ ಹೇಳತ್ತೆ. ‘ಇವೆಂಟ್.ಕೋಡ್’ ಅನ್ನೋದು ಕೀಲಿಮಣೆಯ ಯಾವ ಜಾಗ ಒತ್ತಲಾಯಿತು ಅಂತ ಹೇಳತ್ತೆ. ‘ಬಿ’ ಕೀಲಿ ಒತ್ತಿದಾಗ ಕಗಪ ಇದ್ದರೆ ಹುಟ್ಟುವ ಅಕ್ಷರ ಬ, ಇನ್‌ಸ್ಕ್ರಿಪ್ಟ್ ಇದ್ದರೆ ವ. ಜಾಗ ಮಾತ್ರ ಮೂರರಲ್ಲೂ ಒಂದೇ.

ಪ್ರೋಗ್ರಾಮರ್ ಅಕ್ಷರವನ್ನು ನೋಡಿ ‘ಕಂಟ್ರೋಲ್ ಜೊತೆ ಇಂಗ್ಲಿಷ್ ಬಿ ಬಂದರೆ ದಪ್ಪ ಮಾಡು’ ಅಂತ ಬರೆದಿದ್ದರೆ, ಬ ಅಥವಾ ವ ಬಂದಾಗ ಅದು ಸುಮ್ಮನೆ ಕೂತಿರಬಹುದು. ವಿಂಡೋಸ್‌ನ ಹಳೆಯ ತಂತ್ರಾಂಶಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣಲ್ಲ. ಅಲ್ಲಿ ಪ್ರತಿ ಕೀಲಿಗೂ ಅಕ್ಷರಕ್ಕಿಂತ ಬೇರೆಯಾದ ಒಳಗಿನ ಸಂಕೇತ ಇರೋದರಿಂದ ಕನ್ನಡ ವಿನ್ಯಾಸದಲ್ಲೂ ಕಂಟ್ರೋಲ್ + ಸಿ ನಕಲು ಮಾಡತ್ತೆ.

ಹಾಗಂತ ಎಲ್ಲವನ್ನೂ ಜಾಗಕ್ಕೆ ಕಟ್ಟಿಬಿಡೋದೂ ಸರಿಯಲ್ಲ. ಫ್ರೆಂಚ್ ಕೀಲಿಮಣೆಯಲ್ಲಿ ‘ಎ’ ಮತ್ತು ‘ಕ್ಯೂ’ ಅದಲುಬದಲಾಗಿವೆ. ಅಲ್ಲಿ ಜಾಗ ನೋಡಿದರೆ ಅಕ್ಷರ ತಪ್ಪತ್ತೆ. ನಾವು ಒಪ್ಪಿಕೊಂಡ ಸೂತ್ರ ಇಷ್ಟು: ಕಂಟ್ರೋಲ್ ಹಿಡಿದು ಒತ್ತುವ ಅಂಕಿಗಳನ್ನು ಜಾಗಕ್ಕೆ ಕಟ್ಟಿ. ಕಣ್ಣಿನಿಂದ ಓದಿ ಆರಿಸುವ ಮೆನುವಿನ ಅಕ್ಷರಗಳನ್ನು ಅಕ್ಷರಕ್ಕೇ ಕಟ್ಟಿ. ಬೆರಳಿಗೆ ನೆನಪಿರೋದು ಜಾಗ, ಮನಸ್ಸಿಗೆ ನೆನಪಿರೋದು ಅಕ್ಷರ.

ಅಂಕಿಗಳನ್ನೂ ಜಾಗಕ್ಕೆ ಕಟ್ಟಬೇಕು ಅನ್ನೋಕೆ ಇನ್ನೊಂದು ಕಾರಣ ಇದೆ. ಕೆಲವು ಕನ್ನಡ ವಿನ್ಯಾಸಗಳಲ್ಲಿ ಅಂಕಿಸಾಲು ೧, ೨, ೩ ಕೊಡತ್ತೆ. ‘1 ಬಂದರೆ’ ಅಂತ ಕಾಯುವ ಪ್ರೋಗ್ರಾಮಿಗೆ ೧ ಅಂದರೆ ಅಪರಿಚಿತ.

5. ಕಂಟ್ರೋಲ್ + ಆಲ್ಟ್ ಅನ್ನೋ ಗುಂಡಿ

ವಿಂಡೋಸ್‌ನಲ್ಲಿ ಬಲಗಡೆಯ ಆಲ್ಟ್‌ಜಿಆರ್ ಕೀಲಿಯೂ ಕಂಟ್ರೋಲ್ + ಆಲ್ಟ್ ಒಟ್ಟಿಗೆ ಒತ್ತಿದ್ದೂ ಒಂದೇ ಲೆಕ್ಕ. ಆಲ್ಟ್‌ಜಿಆರ್ ಇರೋದೇ ಹೆಚ್ಚುವರಿ ಅಕ್ಷರ ಬರೆಯೋಕೆ. ಫ್ರೆಂಚ್ ಕೀಲಿಮಣೆಯಲ್ಲಿ # ಬರೋದು ಆಲ್ಟ್‌ಜಿಆರ್ + 3ರಿಂದ. ನಮ್ಮದೇ ಉದಾಹರಣೆ ಬೇಕಾದರೆ ರೂಪಾಯಿ ಚಿಹ್ನೆ ನೋಡಿ. 2010ರಲ್ಲಿ ಭಾರತ ಸರ್ಕಾರ ಒಪ್ಪಿದ ₹ ಚಿಹ್ನೆ, ವಿಂಡೋಸ್‌ನ ಇಂಗ್ಲಿಷ್ (ಇಂಡಿಯಾ) ವಿನ್ಯಾಸದಲ್ಲಿ ಇರೋದು ಆಲ್ಟ್‌ಜಿಆರ್ + 4ರಲ್ಲಿ. ಕಂಟ್ರೋಲ್ + ಆಲ್ಟ್ + 4 ಅನ್ನು ನಾಲ್ಕನೇ ಹಂತದ ತಲೆಬರಹಕ್ಕೆ ಕೊಟ್ಟರೆ ಒಂದೇ ಒತ್ತಿಗೆ ಎರಡು ಅರ್ಥ. ಊಟದ ಖರ್ಚು ಬರೆಯೋಕೆ ಹೋದರೆ ಇಡೀ ಸಾಲು ತಲೆಬರಹ ಆಗಬಹುದು, ಅಥವಾ ತಲೆಬರಹ ಕೇಳಿದರೆ ರೂಪಾಯಿ ಬರಬಹುದು. ಬರಹಕ್ಕೆ ಬೇಕಾದ ಅಕ್ಷರವನ್ನು ಶಾರ್ಟ್‌ಕಟ್ ಕಿತ್ತುಕೊಳ್ಳಬಾರದು. ಇದು ನಮ್ಮ ಎರಡನೇ ಸೂತ್ರ.

6. ತಾನಾಗಿ ಪಟ್ಟಿಯಾಗುವ ಸಾಲುಗಳು

‘1.’ ಬರೆದು ಸ್ಪೇಸ್ ಒತ್ತಿದರೆ ಪಟ್ಟಿ ಶುರುವಾಗೋದು ಎಲ್ಲರಿಗೂ ಗೊತ್ತು. ‘೧.’ ಬರೆದರೆ? ಮಾರ್ಕ್‌ಡೌನ್‌ಗೆ ನಿಖರವಾದ ವ್ಯಾಖ್ಯೆ ಕೊಡುವ ಕಾಮನ್‌ಮಾರ್ಕ್‌ನಲ್ಲಿ ಪಟ್ಟಿಯ ಅಂಕಿ ಅಂದರೆ 0ರಿಂದ 9 ಮಾತ್ರ, ಕನ್ನಡ ಅಂಕಿ ಲೆಕ್ಕಕ್ಕಿಲ್ಲ. ವೆಬ್ ಪುಟದ ಅಲಂಕಾರ ಭಾಷೆಯಾದ ಸಿಎಸ್‌ಎಸ್‌ನಲ್ಲಿ ‘ಕನ್ನಡ’ ಅನ್ನೋ ಪಟ್ಟಿಶೈಲಿಯೇ ಇದೆ, ಅದು ೧, ೨, ೩ ಅಂತ ತೋರಿಸತ್ತೆ. ತೋರಿಸೋಕೆ ದಾರಿ ಇದೆ, ಬರೆಯೋಕೆ ಇಲ್ಲ. ಸಂಪಾದಕ ಮಾಡುವವರು ಎರಡೂ ಅಂಕಿಗಳನ್ನು ಒಪ್ಪಿಕೊಂಡರೆ ಈ ಕೊರತೆ ನೀಗತ್ತೆ.

ಅತಿಯಾದ ಉತ್ಸಾಹವೂ ಬೇಡ. ಸಾಲಿನ ಶುರುವಿನಲ್ಲಿ ‘1956. ರಾಜ್ಯಗಳ ಪುನರ್ವಿಂಗಡಣೆಯ ವರ್ಷ’ ಅಂತ ಬರೆದರೆ ಅದು 1956ನೇ ಅಂಶದಿಂದ ಶುರುವಾಗುವ ಪಟ್ಟಿ ಆಗಬಾರದು. ಆದ್ದರಿಂದ 1 ಅಥವಾ ೧ ಬಂದಾಗ ಮಾತ್ರ ಹೊಸ ಪಟ್ಟಿ.

ಕನ್ನಡ ಪಠ್ಯಪುಸ್ತಕಗಳಲ್ಲಿ ಅಕ್ಷರಪಟ್ಟಿಯೂ ಉಂಟು: ಅ), ಆ), ಇ). ಇದನ್ನೂ ಸೇರಿಸಬೇಕು ಅಂತ ನಮ್ಮ ಆಸೆ. ಆದರೆ ‘ಅ’ ಆದ ಮೇಲೆ ಚುಕ್ಕಿ ಬಂದರೆ ಪಟ್ಟಿ ಅಂತ ಮಾಡಿದರೆ ‘ಅ. ನ. ಕೃಷ್ಣರಾಯ’ ಅಂತ ಶುರುವಾಗುವ ಸಾಲು ಪಟ್ಟಿಯಾಗಿ, ಅನಕೃ ಅವರ ಇನಿಷಿಯಲ್ ಮಾಯ! ಕನ್ನಡದಲ್ಲಿ ಲೇಖಕರ ಹೆಸರು ಶುರುವಾಗೋದೇ ಹೀಗೆ. ಅದಕ್ಕೆ ಆವರಣ ಚಿಹ್ನೆ ಇದ್ದರೆ, ಅಂದರೆ ‘ಅ)’ ಬಂದರೆ ಮಾತ್ರ ಅಕ್ಷರಪಟ್ಟಿ. ಇಂಗ್ಲಿಷ್ ಬಲ್ಲ ಪ್ರೋಗ್ರಾಮರಿಗೆ ಈ ಅಪಾಯ ಹೊಳೆಯೋದು ಕಷ್ಟ. ಹೇಳಬೇಕಾದವರು ನಾವೇ.

ಸಂಪಾದಕ ತಪ್ಪಾಗಿ ಪಟ್ಟಿ ಮಾಡಿದಾಗ ಕಂಟ್ರೋಲ್ + ಝಡ್ ಒಂದು ಸಲ ಒತ್ತಿದರೆ ಪಟ್ಟಿ ಮಾತ್ರ ಹೋಗಬೇಕು, ಬರೆದ ಅಕ್ಷರ ಉಳೀಬೇಕು. ಇದೂ ಸೂತ್ರವೇ.

7. ನಮ್ಮ ಕರಡು ವಿನ್ಯಾಸ

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ನಾವು ಒಂದು ಕರಡು ಹಾಕಿದ್ದೀವಿ. ಮೂರು ಕೀಲಿ ಒಟ್ಟಿಗೆ ಒತ್ತುವ ಬದಲು ಎರಡು ಹೆಜ್ಜೆ. ಮೊದಲು ಕಂಟ್ರೋಲ್ +, (ಜಾಗಕ್ಕೆ ಕಟ್ಟಿದ್ದು). ಆಗ ಒಂದು ಪುಟ್ಟ ಮೆನು ತೆರೆಯತ್ತೆ. ಕೈ ಬಿಟ್ಟು ಒಂದು ಕೀಲಿ ಒತ್ತಿದರೆ ಕೆಲಸ ಮುಗೀತು:

• ತ: ತಲೆಬರಹ. ಮತ್ತೆ ಒತ್ತಿದರೆ ಮುಂದಿನ ಹಂತ. ನೇರ ಹಂತಕ್ಕೆ 1ರಿಂದ 6.
• ಪ: ಚುಕ್ಕಿಪಟ್ಟಿ
• ಸ: ಸಂಖ್ಯೆಯ ಪಟ್ಟಿ
• ಮ: ಮಾಮೂಲು ಬರಹ. 0 ಒತ್ತಿದರೂ ಅದೇ.

‘ಶೀರ್ಷಿಕೆ’ ಅನ್ನೋ ಒಳ್ಳೆಯ ಪದ ಬಿಟ್ಟು ‘ತಲೆಬರಹ’ ಯಾಕೆ? ಶ ಬರೆಯೋಕೆ ಕಗಪದಲ್ಲೂ ಇನ್‌ಸ್ಕ್ರಿಪ್ಟ್‌ನಲ್ಲೂ ಶಿಫ್ಟ್ ಬೇಕು. ತ, ಪ, ಸ, ಮ ನಾಲ್ಕಕ್ಕೂ ಎರಡರಲ್ಲೂ ಶಿಫ್ಟ್ ಬೇಡ. ಕಗಪದವರು ತ ಅನ್ನು ‘ಟಿ’ ಕೀಲಿಯಲ್ಲಿ, ಇನ್‌ಸ್ಕ್ರಿಪ್ಟ್‌ನವರು ‘ಎಲ್’ ಕೀಲಿಯಲ್ಲಿ ಒತ್ತುತ್ತಾರೆ. ಮೆನು ಅಕ್ಷರಕ್ಕೆ ಕಟ್ಟಿದ್ದರಿಂದ ಇಬ್ಬರಿಗೂ ಅದು ಒಂದೇ. ಬೀಸಾಗಿ ಬರೆಯುವ ಕೈಗೆ ಪದದ ಆಯ್ಕೆಯೂ ವಿನ್ಯಾಸದ ಭಾಗ.

ಎರಡು ಹೆಜ್ಜೆಯಿಂದ ಇನ್ನೂ ಲಾಭ ಇದೆ. ಒಂದು ಕೈಯಲ್ಲಿ ಬರೆಯುವವರು ಮೂರು ಕೀಲಿ ಒಟ್ಟಿಗೆ ಹಿಡಿಯೋ ಸರ್ಕಸ್ ಮಾಡಬೇಕಿಲ್ಲ. ಆಲ್ಟ್‌ಜಿಆರ್ ಜಗಳ ಇಲ್ಲ. ಮೆನುವಿನಲ್ಲಿ ಹೆಸರು ಕಾಣೋದರಿಂದ ಬಾಯಿಪಾಠ ಬೇಡ. ನಷ್ಟ ಒಂದೇ, ಒಂದು ಒತ್ತು ಜಾಸ್ತಿ.

ಪಟ್ಟಿಯೊಳಗೆ ಹೊಸದೇನೂ ಬೇಡ. ಟ್ಯಾಬ್ ಒಳಹಂತಕ್ಕೆ, ಶಿಫ್ಟ್ + ಟ್ಯಾಬ್ ಹೊರಹಂತಕ್ಕೆ, ಖಾಲಿ ಸಾಲಿನಲ್ಲಿ ಎಂಟರ್ ಒತ್ತಿದರೆ ಪಟ್ಟಿ ಮುಗೀತು. ಜನರ ಕೈಗೆ ಅಂಟಿರೋದನ್ನು ಬದಲಿಸಬಾರದು. ಸಾಲಿನ ಮೊದಲು ಅಡ್ಡಗೆರೆ ಹಾಕಿ ಸ್ಪೇಸ್ ಒತ್ತಿದರೂ ಪಟ್ಟಿಯಾಗಲಿ. ಅಡ್ಡಗೆರೆ ಇನ್‌ಸ್ಕ್ರಿಪ್ಟ್‌ನಲ್ಲೂ ತನ್ನ ಜಾಗದಲ್ಲೇ ಇದೆ.

ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡಕ್ಕೆ ತಿರುಗಿಸುವ ಲಿಪ್ಯಂತರಣ ಸಾಧನ ಬಳಸುವವರಿಗಾಗಿ ಒಂದು ಎಚ್ಚರಿಕೆ. ಅಲ್ಲಿ ಪದ ಇನ್ನೂ ಅರ್ಧದಲ್ಲಿರುವಾಗ ಎಂಟರ್ ಒತ್ತೋದು ಪದವನ್ನು ಆರಿಸೋಕೆ, ಹೊಸ ಸಾಲಿಗಲ್ಲ. ‘ಇವೆಂಟ್.ಈಸ್‌ಕಂಪೋಸಿಂಗ್’ ನಿಜ ಆಗಿರುವವರೆಗೆ ಸಂಪಾದಕ ಯಾವ ಶಾರ್ಟ್‌ಕಟ್ಟನ್ನೂ ಮುಟ್ಟಬಾರದು. ಮೆನು ತೆರೆದಾಗ ತ ಬದಲು ಇಂಗ್ಲಿಷ್ ‘ಟಿ’ ಬಂದರೂ ಒಪ್ಪಿಕೊಳ್ಳಬೇಕು.

8. ಅಭ್ಯಾಸ

ಓದಿ ಬಿಟ್ಟರೆ ಪಾಠ ಆಗಲ್ಲ. ನೀವು ಬಳಸುವ ಸಂಪಾದಕದಲ್ಲಿ ಇವನ್ನು ಮಾಡಿ ನೋಡಿ:

1. ಇಂಗ್ಲಿಷ್, ಕಗಪ, ಇನ್‌ಸ್ಕ್ರಿಪ್ಟ್ ಮೂರೂ ವಿನ್ಯಾಸದಲ್ಲಿ ತಲೆಬರಹದ ಶಾರ್ಟ್‌ಕಟ್ ಒತ್ತಿ. ಯಾವುದರಲ್ಲಿ ಕೆಲಸ ಮಾಡಿತು, ಬರೆದಿಡಿ.
2. ‘೧.’ ಮತ್ತು ‘1.’ ಎರಡರಿಂದಲೂ ಪಟ್ಟಿ ಶುರುವಾಗತ್ತಾ ನೋಡಿ.
3. ಸಾಲಿನ ಮೊದಲು ‘ಅ. ನ. ಕೃಷ್ಣರಾಯ’ ಅಂತ ಬರೆದು ಸಂಪಾದಕ ಏನು ಮಾಡತ್ತೆ ಗಮನಿಸಿ.
4. ಇಂಗ್ಲಿಷ್ (ಇಂಡಿಯಾ) ವಿನ್ಯಾಸದಲ್ಲಿ ₹ ಬರೆಯಿರಿ. ಸಾಲು ತಲೆಬರಹ ಆಯಿತಾ?
5. ಕಡತವನ್ನು ವೆಬ್ ಪುಟವಾಗಿ ಉಳಿಸಿ. ಎನ್‌ವಿಡಿಎ ಉಚಿತ ತಂತ್ರಾಂಶ, ಅದನ್ನು ಹಾಕಿಕೊಂಡು, ಪರದೆ ನೋಡದೆ ‘ಎಚ್’ ಒತ್ತುತ್ತಾ ನಿಮ್ಮ ಲೇಖನದ ನಾಲ್ಕನೇ ಭಾಗಕ್ಕೆ ಹೋಗಿ.

ಐದನೆಯದನ್ನು ಖಂಡಿತ ಮಾಡಿ. ಅದೊಂದು ಮಾಡಿದರೆ ಉಳಿದ ನಾಲ್ಕು ಯಾಕೆ ಬೇಕು ಅನ್ನೋದು ತಾನಾಗಿ ತಿಳಿಯತ್ತೆ.

ಕೊನೆಯದಾಗಿ ಒಂದು ಮಾತು. ಸಿಂಗಾಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು. 1997ರಲ್ಲಿ ತಮಿಳು ಗಣಕದ ಸಮ್ಮೇಳನ ನಡೆದದ್ದು ಇದೇ ಊರಿನಲ್ಲಿ. ಮುಂದೆ 1999ರಲ್ಲಿ ಚೆನ್ನೈನ ಸಮ್ಮೇಳನದ ನಂತರ ತಮಿಳುನಾಡು ಸರ್ಕಾರ ‘ತಮಿಳ್99’ ಕೀಲಿಮಣೆಯನ್ನು ಒಪ್ಪಿತು. ಹೊರಗೆ ನೆಲೆಸಿದವರೂ ಕೂತು ಮಾತಾಡಿದ್ದರಿಂದ ಅವರ ಭಾಷೆಗೆ ಒಂದು ದಾರಿ ಆಯಿತು. ಕನ್ನಡಕ್ಕೆ ಇಲ್ಲಿ ಅಂಥ ಅಧಿಕೃತ ಸ್ಥಾನ ಇಲ್ಲ. ನಮ್ಮ ಭಾಷೆಗೆ ಯಾವ ಕೀಲಿ ಕೆಲಸ ಮಾಡಲ್ಲ ಅಂತ ಬೇರೆ ಯಾರೂ ಗಮನಿಸೋದೂ ಇಲ್ಲ. ಹಾಗಾಗಿ ಸಂಪಾದಕ ತಯಾರಿಸುವವರಿಗೆ ತೊಂದರೆಯನ್ನು ವಿವರವಾಗಿ ಬರೆದು ಕಳಿಸೋಣ: ಯಾವ ವಿನ್ಯಾಸ, ಯಾವ ಕೀಲಿ, ಏನು ಬೇಕಿತ್ತು, ಏನು ಬಂತು. ಈ ನಾಲ್ಕು ಸಾಲು ಸಾಕು, ಆ ಕಡೆ ಕೂತವರು ಸರಿಮಾಡೋಕೆ ದಾರಿ ಸಿಗತ್ತೆ.

ಮುಂದಿನ ವರ್ಷದ ಪುಸ್ತಿಕೆಗೆ ನೀವು ಕಳಿಸುವ ಲೇಖನದಲ್ಲಿ ಒಂದಾದರೂ ನಿಜವಾದ ತಲೆಬರಹ, ಒಂದಾದರೂ ನಿಜವಾದ ಪಟ್ಟಿ ಇರಲಿ.